ಹಳೆಯ ರಾಜಧಾನಿಗೆ ಹೊಸ ಹೆದ್ದಾರಿ

ಧಾರವಾಡದಿಂದ ಮುಂಬೈಗೆ ಹೋಗಲು ರಾತ್ರಿ ಬಸ್ಸಿದೆ, ರೈಲಿದೆ, ಹುಬ್ಬಳ್ಳಿಗೆ ಹೋದರೆ ವಿಮಾನವೂ ಇದೆ. ಆದರೆ ಗೆಳೆಯನೊಬ್ಬನ ಜೊತೆ ಹಗಲು ಹೊತ್ತಿನಲ್ಲಿ ಕಾರಿನಲ್ಲಿ ಹೋದವರಿಗೆ ಮಾತ್ರ ಕಾಣುವ ಮುಂಬೈ ಒಂದಿದೆ. ಅದು ಊರಿನ ಗಡಿಗಿಂತ ನೂರಾರು ಕಿಲೋಮೀಟರ್ ಮೊದಲೇ ಶುರುವಾಗುತ್ತದೆ.

1956ರ ನವೆಂಬರ್ 1ರವರೆಗೆ ಧಾರವಾಡದವರಿಗೆ ಬೆಂಗಳೂರು ಬೇರೆ ರಾಜ್ಯದ ಊರು. ಅವರ ರಾಜಧಾನಿ ಮುಂಬೈ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬೈ ಪ್ರಾಂತ್ಯದ ದಕ್ಷಿಣದ ಅಂಚು. ಇಲ್ಲಿನ ಕೋರ್ಟುಗಳಲ್ಲಿ ಸೋತವರು ಮೇಲ್ಮನವಿ ಹಿಡಿದು ಮುಂಬೈ ಹೈಕೋರ್ಟಿಗೆ ಹೋಗುತ್ತಿದ್ದರು. 1917ರಲ್ಲಿ ಶುರುವಾದ ಧಾರವಾಡದ ಕರ್ನಾಟಕ ಕಾಲೇಜಿನ ಹುಡುಗರು ಬರೆಯುತ್ತಿದ್ದದ್ದು ಮುಂಬೈ ವಿಶ್ವವಿದ್ಯಾಲಯದ ಪರೀಕ್ಷೆ. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಹುಟ್ಟಿದ್ದು ಮುಂಬೈಯಲ್ಲಿ, ಮರುವರ್ಷ ಧಾರವಾಡಕ್ಕೆ ಬಂತು. ಆಡಳಿತದ ನಂಟು ಕಡಿದುಹೋಗಿ ಅರವತ್ತು ವರ್ಷ ಕಳೆದ ಮೇಲೂ ಈ ಸೀಮೆಗೆ ‘ಮುಂಬೈ ಕರ್ನಾಟಕ’ ಎಂಬ ಹೆಸರೇ ಓಡಾಡುತ್ತಿತ್ತು. ‘ಕಿತ್ತೂರು ಕರ್ನಾಟಕ’ ಆದದ್ದು 2021ರಲ್ಲಿ.

ಆ ಕಾಲದವರಿಗೆ ಮುಂಬೈ ದೂರವಿತ್ತು, ಆದರೆ ಪರಕೀಯವಾಗಿರಲಿಲ್ಲ. ಮೀಟರ್‌ಗೇಜ್ ಗಾಡಿಯಲ್ಲಿ ಪುಣೆಯವರೆಗೆ ಹೋಗಿ, ಅಲ್ಲಿ ಟ್ರಂಕು, ಹಾಸಿಗೆ ಇಳಿಸಿಕೊಂಡು ಬ್ರಾಡ್‌ಗೇಜ್ ಗಾಡಿ ಹತ್ತಿದ ಕತೆ ಹಿರಿಯರಿರುವ ಎಷ್ಟೋ ಮನೆಗಳಲ್ಲಿ ಇನ್ನೂ ಕೇಳಸಿಗುತ್ತದೆ. ಈಗಿನ ಹುಡುಗರಿಗೆ ನೌಕರಿ ಎಂದರೆ ಬೆಂಗಳೂರು, ಪುಣೆ. ಮುಂಬೈ ಎಂದರೆ ಸಿನಿಮಾ, ಮಳೆ, ಗೇಟ್‌ವೇ ಮುಂದೆ ನಿಂತು ತೆಗೆಸಿಕೊಂಡ ಫೋಟೊ.

ನನ್ನ ಜೊತೆ ಹೊರಟ ಗೆಳೆಯ ಸಿವಿಲ್ ಎಂಜಿನಿಯರ್. ನಮ್ಮ ಸುತ್ತಮುತ್ತ ಸಣ್ಣ ಸೇತುವೆ, ಮೋರಿ, ಕಾಂಕ್ರೀಟ್ ರಸ್ತೆಗಳನ್ನು ಮಾಡಿಸಿ ತಲೆ ಬೆಳ್ಳಗಾದವನು. ದಾರಿಯಲ್ಲಿ ಗುಡಿ ಬಂದರೆ ಅವನು ಕಾರು ನಿಲ್ಲಿಸುವುದಿಲ್ಲ, ಸೇತುವೆ ಬಂದರೆ ನಿಲ್ಲಿಸುತ್ತಾನೆ. ‘ನೀ ಊರು ನೋಡಲೇ, ನಾ ರಸ್ತಾ ನೋಡ್ತೀನಿ’ ಎಂಬುದು ಅವನು ಮೊದಲೇ ಹಾಕಿದ ಕರಾರು. ಸುಮಾರು 550 ಕಿಲೋಮೀಟರ್ ಮುಗಿಯುವ ಹೊತ್ತಿಗೆ ಎರಡೂ ಒಂದೇ ಎಂದು ಇಬ್ಬರಿಗೂ ಅನ್ನಿಸಿತು.

ಕಬ್ಬಿನ ಹಿಂದೆ, ಹಾಲಿನ ಮುಂದೆ

ಧಾರವಾಡದಿಂದ ಮುಂಬೈಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 48. ಹಳಬರ ಬಾಯಲ್ಲಿ ಅದು ಇನ್ನೂ ‘ಎನ್‌ಎಚ್ ಫೋರ್’. ದೆಹಲಿಯಿಂದ ಚೆನ್ನೈವರೆಗಿನ ಈ ರಸ್ತೆಯ ನಮ್ಮ ಪಾಲು ಸುವರ್ಣ ಚತುಷ್ಪಥ ಯೋಜನೆಯಲ್ಲಿ ನಾಲ್ಕು ಪಥವಾಯಿತು, ಈಗ ಆರು ಪಥವಾಗುತ್ತಿದೆ. ಹಾಗಾಗಿ ಹತ್ತಿಪ್ಪತ್ತು ಕಿಲೋಮೀಟರಿಗೊಮ್ಮೆ ಡೈವರ್ಷನ್ ಬೋರ್ಡು, ಕೆಂಪು-ಬಿಳಿ ಡ್ರಮ್ಮು, ಅರ್ಧ ಎದ್ದ ಫ್ಲೈಓವರ್. ಗೆಳೆಯನಿಗೆ ಇದು ಹಬ್ಬ. ಪ್ರತಿಯೊಂದು ಗರ್ಡರಿಗೂ ಒಂದು ಟಿಪ್ಪಣಿ.

ನಸುಕಿನಲ್ಲಿ ಹೊರಟರೆ ಕಿತ್ತೂರಿನ ಹತ್ತಿರ ಬೆಳಕು ಹರಿಯುತ್ತದೆ. 1824ರ ಅಕ್ಟೋಬರಿನಲ್ಲಿ ರಾಣಿ ಚೆನ್ನಮ್ಮನ ಪಡೆ ಕಲೆಕ್ಟರ್ ಥ್ಯಾಕರೆಯನ್ನು ಕೊಂದ ಊರು. ಇಂದು ಹೆದ್ದಾರಿಯಲ್ಲಿ ಹೋಗುವವರಿಗೆ ಅದೊಂದು ತಿರುವು, ಒಂದು ಕಮಾನು. ಬೆಳಗಾವಿಗೆ ಮುಂಚೆ ದಿಬ್ಬದ ಮೇಲೆ 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧ ಕಾಣುತ್ತದೆ. ಮುಂಬೈ ಕೈಬಿಟ್ಟು ಬೆಂಗಳೂರು ದೂರವಾಯಿತೆಂಬ ಈ ಸೀಮೆಯ ದೂರಿಗೆ ಕಲ್ಲಿನಲ್ಲಿ ಕೊಟ್ಟ ಉತ್ತರ ಅದು. ವರ್ಷದ ಬಹುಪಾಲು ಬಾಗಿಲು ಹಾಕಿಕೊಂಡಿರುತ್ತದೆ ಎಂಬುದು ಇನ್ನೊಂದು ದೂರು.

ಸಂಕೇಶ್ವರ ಬಂತೆಂದರೆ ರಸ್ತೆ ಕಬ್ಬಿನದು. ದೀಪಾವಳಿ ಕಳೆದು ಕಾರ್ಖಾನೆಗಳು ನುರಿಸಲು ಹಿಡಿದ ಮೇಲೆ ಹಿರಣ್ಯಕೇಶಿಯಿಂದ ಪಂಚಗಂಗೆಯವರೆಗೆ ಟ್ರ್ಯಾಕ್ಟರುಗಳ ದರ್ಬಾರು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು, ಟ್ರೇಲರಿನ ಎರಡೂ ಬದಿ ಮೊಳಗಟ್ಟಲೆ ಚಾಚಿಕೊಂಡ ಸೋಗೆ, ಎಂಜಿನ್ನಿನ ಮೇಲೆ ಸ್ಪೀಕರು, ಸ್ಪೀಕರಿನಲ್ಲಿ ಜಾನಪದ ಹಾಡು. ನಾವು ಹಿಂಬಾಲಿಸುತ್ತಿದ್ದ ಒಂದರ ಹಿಂದಿನ ಟ್ರೇಲರಿಗೆ ಲೈಟೇ ಇರಲಿಲ್ಲ. ರಿಫ್ಲೆಕ್ಟರಿನ ಜಾಗದಲ್ಲಿ ಹಳೆಯ ಸಿನಿಮಾ ಸಿ.ಡಿ.ಗಳನ್ನು ತಂತಿಯಿಂದ ಬಿಗಿದಿದ್ದರು. ಬಿಸಿಲು ಬಿದ್ದಾಗ ಅವು ಏಳು ಬಣ್ಣದಲ್ಲಿ ಹೊಳೆದವು. ‘ಐಎಸ್‌ಐ ಮಾರ್ಕ್ ಇಲ್ಲ, ಆದರ ಕೆಲಸ ಮಾಡ್ತಾವ ನೋಡು’ ಎಂದ ಗೆಳೆಯ.

ಕಬ್ಬಿನ ಗದ್ದೆಯ ಅಂಚಿಗೆ ಟಾರ್ಪಾಲಿನ ಸಣ್ಣ ಗುಡಿಸಲುಗಳ ಸಾಲು. ಮಹಾರಾಷ್ಟ್ರದ ಬೀಡ್ ಕಡೆಯಿಂದ ಎತ್ತಿನಗಾಡಿ, ಮಕ್ಕಳು ಮರಿ ಸಮೇತ ಬರುವ ಕಡಿಯುವವರ ಬಿಡಾರಗಳು. ಗಡಿಯ ಎರಡೂ ಕಡೆಯ ಸಕ್ಕರೆ ಇವರ ಬೆನ್ನ ಮೇಲೆ ನಡೆಯುತ್ತದೆ. ನಿಪ್ಪಾಣಿ ದಾಟಿ ಕೊಗನೋಳಿ ಟೋಲ್ ಮುಗಿದರೆ ಕರ್ನಾಟಕ ಮುಗಿಯಿತು ಎಂದು ನಕ್ಷೆ ಹೇಳುತ್ತದೆ. ಹೊಲ ಹಾಗೆ ಹೇಳುವುದಿಲ್ಲ. ಅದೇ ಕಪ್ಪು ಮಣ್ಣು, ಅದೇ ಕಬ್ಬು, ಚಹಾದಂಗಡಿಯಲ್ಲಿ ಅದೇ ಮಂದಿ. ಬೋರ್ಡಿನ ಅಕ್ಷರ ಬದಲಾಗುತ್ತದೆ, ಮಾತು ಬದಲಾಗಲು ಇನ್ನೂ ಹೊತ್ತು ಹಿಡಿಯುತ್ತದೆ. ಕಾಗಲದ ಹತ್ತಿರ ಪಂಕ್ಚರ್ ಅಂಗಡಿಯವನಿಗೆ ಗೆಳೆಯ ಹರುಕು ಮರಾಠಿಯಲ್ಲಿ ಗಾಳಿ ಚೆಕ್ ಮಾಡಲು ಕೇಳಿದರೆ ಅವನು ಸ್ವಚ್ಛ ಕನ್ನಡದಲ್ಲಿ ‘ಎಷ್ಟ್ ಹೊಡೀಲ್ರಿ, ಮೂವತ್ತಮೂರಾ?’ ಎಂದ.

ಕೊಲ್ಹಾಪುರದಲ್ಲಿ ನಾಷ್ಟಾ. ಇಲ್ಲಿನ ಮಿಸಳಿಗೆ ಪಾವ್ ಕೊಡುವುದಿಲ್ಲ, ದಪ್ಪ ಬ್ರೆಡ್ಡಿನ ಹೋಳು ಕೊಡುತ್ತಾರೆ. ಮೇಲೆ ಸುರಿಯುವ ಕೆಂಪು ‘ಕಟ್’ ಎಷ್ಟು ಸಲ ಕೇಳಿದರೂ ಹಾಕುತ್ತಾರೆ. ನಮ್ಮ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಇವರದು ಖಾರಕ್ಕೆ. ಎರಡನೇ ಸಲ ಕಟ್ ಹಾಕಿಸಿಕೊಂಡ ಗೆಳೆಯ ಸಾತಾರದವರೆಗೆ ಮಾತು ಕಡಿಮೆ ಮಾಡಿದ.

ಊರಿನ ಚಪ್ಪಲಿ ಗಲ್ಲಿಗೂ ಹೋಗಿಬಂದೆವು. ಕೊಲ್ಹಾಪುರಿ ಎಂಬ ಹೆಸರಿದ್ದರೂ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಎರಡು ರಾಜ್ಯಗಳ ಎಂಟು ಜಿಲ್ಲೆಗಳಿಗೆ ಸೇರಿದ್ದು. ಆ ಕಡೆ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ಈ ಕಡೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಂಗಡಿಯಾತ ಒಂದು ಜೋಡಿಯನ್ನು ಮಗುಚಿ ತೋರಿಸಿದ. ಮೊಳೆ ಇಲ್ಲ, ನೈಲಾನ್ ದಾರವಿಲ್ಲ, ತೊಗಲನ್ನು ತೊಗಲಿನ ಎಳೆಯಿಂದಲೇ ಹೊಲಿದಿದ್ದರು. ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ‘ಅಥಣಿ’ ಎಂದ. ನಮ್ಮ ಜಿಲ್ಲೆಯ ಪಕ್ಕದ ಚಪ್ಪಲಿಯನ್ನು ಪರರಾಜ್ಯದಲ್ಲಿ ಕೊಂಡು ಮುಂದೆ ಹೊರಟೆವು.

ಪಂಚಗಂಗೆಯ ಸೇತುವೆ ದಾಟುವಾಗ ಗೆಳೆಯ ಕಾರು ನಿಧಾನ ಮಾಡಿದ. 2019ರ ಆಗಸ್ಟಿನಲ್ಲಿ ಇಲ್ಲಿ, ಶಿರೋಳಿಯ ಹತ್ತಿರ, ನೀರು ಹೆದ್ದಾರಿಗೆ ಏರಿ ಬೆಂಗಳೂರು-ಮುಂಬೈ ರಸ್ತೆ ದಿನಗಟ್ಟಲೆ ಮುಚ್ಚಿತ್ತು. ಲಾರಿಗಳು ಎರಡೂ ಕಡೆ ಸಾಲುಗಟ್ಟಿ ನಿಂತವು. ಕೊಲ್ಹಾಪುರದ ಗೋಕುಳ ಹಾಲಿನ ದೊಡ್ಡ ಗಿರಾಕಿ ಮುಂಬೈ ಮಹಾನಗರ. ಟ್ಯಾಂಕರುಗಳು ಇಲ್ಲಿ ಸಿಕ್ಕಿಬಿದ್ದರೆ ಅಲ್ಲಿ ಮುಂಜಾನೆಯ ಚಹಾಕ್ಕೆ ಬಿಸಿ ತಟ್ಟುತ್ತದೆ. ಮುಂಬೈ ಎಲ್ಲಿಂದ ಶುರು ಎಂಬ ಪ್ರಶ್ನೆಗೆ ಮೊದಲ ಉತ್ತರ ನಮಗೆ ಸಿಕ್ಕಿದ್ದು ಈ ಸೇತುವೆಯ ಮೇಲೆ.

ಕೊಯ್ನೆಯ ಕರೆಂಟು, ಖೋಪೋಲಿಯ ಕರೆಂಟು

ಕರಾಡದಲ್ಲಿ ಕೃಷ್ಣೆ, ಕೊಯ್ನೆ ಎದುರುಬದುರಾಗಿ ಬಂದು ಕೂಡುತ್ತವೆ. ಜನ ಅದನ್ನು ಪ್ರೀತಿಸಂಗಮ ಎನ್ನುತ್ತಾರೆ. ಪಕ್ಕದಲ್ಲೇ ಮಹಾರಾಷ್ಟ್ರದ ಮೊದಲ ಮುಖ್ಯಮಂತ್ರಿ ಯಶವಂತರಾವ್ ಚವಾಣರ ಸಮಾಧಿ. ಕೃಷ್ಣೆ ನಮಗೆ ಪರಿಚಿತೆ, ಮಹಾಬಳೇಶ್ವರದಲ್ಲಿ ಹುಟ್ಟಿ, ಇಲ್ಲಿ ಹಾದು, ಸಾಂಗ್ಲಿ ಸುತ್ತಿ ನಮ್ಮ ಆಲಮಟ್ಟಿಗೆ ಬರುವವಳು. ಕೊಯ್ನೆಯ ಕತೆ ಬೇರೆ. ಅವಳ ನೀರಿನ ದೊಡ್ಡ ಪಾಲನ್ನು ಅಣೆಕಟ್ಟೆ ಕಟ್ಟಿ ಪಶ್ಚಿಮಕ್ಕೆ ತಿರುಗಿಸಿ, ಸಹ್ಯಾದ್ರಿಯ ಸುರಂಗಗಳಲ್ಲಿ ಕೆಡವಿ ವಿದ್ಯುತ್ ಮಾಡುತ್ತಾರೆ. ಕೊಯ್ನಾ ಯೋಜನೆಯ ಒಟ್ಟು ಸಾಮರ್ಥ್ಯ 1,960 ಮೆಗಾವಾಟ್. ಮಹಾರಾಷ್ಟ್ರದ ಕಾರ್ಖಾನೆಗಳು ಅದನ್ನು ನಂಬಿ ಬೆಳೆದವು. ಪೂರ್ವಕ್ಕೆ ಹರಿದಿದ್ದರೆ ಕೃಷ್ಣೆಗೆ ಸೇರಿ ನಮ್ಮ ಕಡೆಗೆ ಬರಬೇಕಿದ್ದ ನೀರು ಕರೆಂಟು ಕೊಟ್ಟು ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ.

ಸಾತಾರಾ ಕಳೆದ ಮೇಲೆ ಖಂಬಾಟ್ಕಿ. ಪುಣೆಯಿಂದ ಬರುವವರು ಘಟ್ಟ ಹತ್ತಿ ಇಳಿಯಬೇಕು, ನಮ್ಮ ಹಾಗೆ ಪುಣೆಗೆ ಹೋಗುವವರಿಗೆ ಸುರಂಗ. ಸುರಂಗದ ಆಚೆ ಇಳಿಜಾರಿನಲ್ಲಿ ಇಂಗ್ಲಿಷಿನ ಎಸ್ ಅಕ್ಷರದಂಥ ತಿರುವು ಬಹಳ ಜೀವ ತೆಗೆದಿದೆ. ಅದನ್ನು ತಪ್ಪಿಸಲೆಂದೇ ಅವಳಿ ಸುರಂಗದ ಯೋಜನೆ ಕೈಗೆತ್ತಿಕೊಂಡರು. ಪುಣೆಯ ಹತ್ತಿರ ಕಾತ್ರಜ್ ಸುರಂಗ ದಾಟಿದ ಕೂಡಲೇ ನವಲೆ ಸೇತುವೆಯ ಇಳಿಜಾರೂ ಅಂಥದೇ. ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸಲು ಹೋದ ಲಾರಿ ಬ್ರೇಕ್ ಕಳೆದುಕೊಂಡು ಮುಂದಿನ ವಾಹನಗಳ ಮೇಲೆ ಹೋಗುವುದು ಇಲ್ಲಿ ಮತ್ತೆ ಮತ್ತೆ ಸುದ್ದಿಯಾಗುತ್ತದೆ. ಗೆಳೆಯ ಮೂರನೇ ಗೇರಿಗೆ ಇಳಿದ, ಕನ್ನಡಿ ನೋಡುತ್ತಲೇ ಇದ್ದ. ಪುಣೆಯೊಳಗೆ ನಾವು ಹೋಗಲಿಲ್ಲ, ಬೈಪಾಸಿನಲ್ಲಿ ಕಿವಳೆಗೆ ಬಂದು ಎಕ್ಸ್‌ಪ್ರೆಸ್‌ವೇ ಹತ್ತಿದೆವು.

2002ರಲ್ಲಿ ಪೂರ್ತಿ ತೆರೆದ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ 94.5 ಕಿಲೋಮೀಟರ್. ಬೈಕಿಗೆ, ರಿಕ್ಷಾಕ್ಕೆ, ಎತ್ತಿನಗಾಡಿಗೆ ಪ್ರವೇಶವಿಲ್ಲದ ಇಂಥ ಕಾಂಕ್ರೀಟ್ ರಸ್ತೆ ದೇಶಕ್ಕೆ ಆಗ ಹೊಸದು. ಡಾಂಬರಿನಿಂದ ಕಾಂಕ್ರೀಟಿಗೆ ಬಂದೊಡನೆ ಟೈರಿನ ಸದ್ದು ಬದಲಾಗುತ್ತದೆ. ಒಂದೇ ಸಮನೆಯ ಮೊರೆತದ ನಡುವೆ ಟಪ್, ಟಪ್ ಎಂದು ತಾಳ. ಕಾಂಕ್ರೀಟ್ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿ ಎಲ್ಲೆಂದರಲ್ಲಿ ಬಿರುಕು ಬಿಡಬಾರದೆಂದು ಅಳತೆಯ ದೂರಕ್ಕೊಂದರಂತೆ ಗರಗಸದಿಂದ ಸೀಳಿ ಬಿಟ್ಟ ಗೆರೆಗಳ ಸದ್ದು ಅದು. ಗೆಳೆಯ ರೇಡಿಯೊ ಬಂದ್ ಮಾಡಿ ಇದನ್ನೇ ಕೇಳುತ್ತ ಕುಳಿತ. ‘ತಾಳ ತಪ್ಪಿತಂದ್ರ ಅಲ್ಲಿ ಸ್ಲ್ಯಾಬ್ ಕುಂತದ ಅಂತ ತಿಳಕೊ’ ಎಂದ.

ಲೋಣಾವಳಾದಲ್ಲಿ ಎಲ್ಲರೂ ಚಿಕ್ಕಿ ಕೊಳ್ಳುತ್ತಾರೆ, ನಾವೂ ಕೊಂಡೆವು. ಆದರೆ ಈ ಊರಿನ ಹೆಚ್ಚಿನ ವಿಶೇಷ ಅಲ್ಲಿನ ಕೆರೆಗಳು. ವಳವಣ ಮೊದಲಾದ ಜಲಾಶಯಗಳ ನೀರನ್ನು ಘಟ್ಟದ ಕೆಳಗೆ ಖೋಪೋಲಿಗೆ ಕೊಳವೆಯಲ್ಲಿ ಇಳಿಸಿ ಟಾಟಾ ಕಂಪನಿ 1915ರಲ್ಲಿ ವಿದ್ಯುತ್ ಉತ್ಪಾದನೆ ಶುರು ಮಾಡಿತು. ಅದುವರೆಗೆ ಕಲ್ಲಿದ್ದಲಿನ ಹಬೆಯಲ್ಲಿ ಓಡುತ್ತಿದ್ದ ಮುಂಬೈಯ ಬಟ್ಟೆ ಗಿರಣಿಗಳು ಈ ಮಳೆನೀರಿನ ಕರೆಂಟಿಗೆ ಹೊರಳಿದವು. ಹಾಲು, ಸಕ್ಕರೆ, ಬೆಲ್ಲ, ಕರೆಂಟು ಎಲ್ಲವೂ ಈ ದಾರಿಯಲ್ಲೇ ಕೆಳಗಿಳಿದಿವೆ. ಹೊಟ್ಟೆಪಾಡಿಗೆ ಹೊರಟ ಜನರೂ ಇಲ್ಲೇ ಇಳಿದಿದ್ದಾರೆ.

ಬೋರ್ ಘಟ್ಟದಲ್ಲಿ ಬ್ರಿಟಿಷರು 1830ರಲ್ಲಿ ಕಟ್ಟಿದ ಕಮಾನಿನ ಸೇತುವೆಯೊಂದಿತ್ತು, ಅಮೃತಾಂಜನ್ ಸೇತುವೆ ಎಂದೇ ಹೆಸರು. ಅದರ ಕಂಬಗಳು ಎಕ್ಸ್‌ಪ್ರೆಸ್‌ವೇಯ ಕುತ್ತಿಗೆ ಹಿಡಿಯುತ್ತಿದ್ದವು. 2020ರ ಏಪ್ರಿಲಿನಲ್ಲಿ, ಲಾಕ್‌ಡೌನಿನಿಂದ ರಸ್ತೆ ಖಾಲಿ ಬಿದ್ದಿದ್ದಾಗ, ಅದನ್ನು ಸಿಡಿಮದ್ದಿಟ್ಟು ಕೆಡವಿದರು. ಗೆಳೆಯ ಆ ಜಾಗವನ್ನು ಬೆರಳು ಮಾಡಿ ತೋರಿಸಿದ, ನೋಡಲು ಏನೂ ಇರಲಿಲ್ಲ. 190 ವರ್ಷ ನಿಂತದ್ದನ್ನು ಕೆಡವಿದ್ದಕ್ಕೆ ಅವನಿಗೆ ಬೇಸರ, ಇಕ್ಕಟ್ಟು ತಪ್ಪಿದ್ದಕ್ಕೆ ಸಮಾಧಾನ. ಎಂಜಿನಿಯರುಗಳಿಗೆ ಎರಡೂ ಏಕಕಾಲಕ್ಕೆ ಸಾಧ್ಯ.

ಸಮುದ್ರದ ಮೇಲೆ ಇಪ್ಪತ್ತು ನಿಮಿಷ

ಪನ್ವೇಲದಲ್ಲಿ ಚರ್ಚೆ. ವಾಶಿ ಸೇತುವೆಯ ಹಳೆಯ ದಾರಿಯೋ, ಅಟಲ್ ಸೇತುವೋ? ವಾಶಿಯ ದಾರಿಗೆ ಅದರದೇ ಆಕರ್ಷಣೆಯಿದೆ. ಹಗಲೆಲ್ಲ ನಮ್ಮ ಜೊತೆ ಬಂದ ಲಾರಿಗಳಲ್ಲಿ ಬಹಳಷ್ಟು ಅಲ್ಲಿನ ಎಪಿಎಂಸಿಗೆ ತಿರುಗುತ್ತವೆ. ಬೇಸಿಗೆಯಲ್ಲಿ ನಮ್ಮ ಕಡೆಯ ಆಪೂಸ್ ಪೆಟ್ಟಿಗೆಗಳೂ ಅಲ್ಲೇ ಇಳಿದು ಕೊಂಕಣದ ಆಪೂಸಿನ ಪಕ್ಕ ಕೂರುತ್ತವೆ. ಅಲ್ಲದೆ 2024ರ ಅಕ್ಟೋಬರಿನಿಂದ ಮುಂಬೈ ಪ್ರವೇಶದ ಐದೂ ನಾಕೆಗಳಲ್ಲಿ ಕಾರುಗಳಿಗೆ ಟೋಲ್ ಇಲ್ಲ. ಆದರೆ ಚಕ್ರ ಗೆಳೆಯನ ಕೈಯಲ್ಲಿತ್ತು. ಅವನು ಧಾರವಾಡದಿಂದ ಬಂದದ್ದೇ ಅಟಲ್ ಸೇತುವಿಗಾಗಿ.

2024ರ ಜನವರಿ 12ರಂದು ಉದ್ಘಾಟನೆಯಾದ ಈ ಸೇತುವೆ 21.8 ಕಿಲೋಮೀಟರ್ ಉದ್ದ, ಅದರಲ್ಲಿ ಸುಮಾರು 16.5 ಕಿಲೋಮೀಟರ್ ಸಮುದ್ರದ ಮೇಲೆ. ಕಾರಿಗೆ ಒಂದು ಬದಿಗೆ 250 ರೂಪಾಯಿ ಎಂದು ಟೋಲ್ ಗೊತ್ತುಪಡಿಸಿದಾಗ ಬಹಳ ಮಂದಿ ಹುಬ್ಬೇರಿಸಿದ್ದರು. ನ್ಹಾವಾ ಶೇವಾ ಬಂದರಿನ ಕಡೆಯಿಂದ ಹತ್ತಿದರೆ ಮೊದಲು ಕೆಸರು, ಕಾಂಡ್ಲಾ ಕಾಡು, ಆಮೇಲೆ ಎರಡೂ ಕಡೆ ನೀರು. ಹಡಗುಗಳು ಕೆಳಗೆ ಹಾಯಲೆಂದು ಕೆಲವು ಕಡೆ ಕಂಬದಿಂದ ಕಂಬಕ್ಕೆ 180 ಮೀಟರ್‌ವರೆಗೆ ಅಂತರ ಬಿಟ್ಟಿದ್ದಾರೆ. ಅಷ್ಟು ದೂರ ಕಾಂಕ್ರೀಟ್ ಹಾಕಿದರೆ ಅದರ ಭಾರ ಅದಕ್ಕೇ ಹೆಚ್ಚಾಗುತ್ತದೆ, ಅದಕ್ಕೆ ಅಲ್ಲಿ ಉಕ್ಕಿನ ತಳ. ಕಾಂಕ್ರೀಟಿನಿಂದ ಉಕ್ಕಿಗೆ ಬಂದಾಗ ಸದ್ದಿನಲ್ಲೇ ಗೊತ್ತಾಗಬೇಕು ಎಂದು ಗೆಳೆಯ ಕಿಟಕಿ ಇಳಿಸಿದ, ಗಾಳಿಯ ಅಬ್ಬರದಲ್ಲಿ ಏನೂ ಕೇಳಲಿಲ್ಲ. ಒಂದು ಕಡೆ ಬದಿಗೆ ಎತ್ತರದ ತಡೆ ಬರುತ್ತದೆ, ನೋಟ ಪೂರಾ ಬಂದ್. ಆಚೆ ಟ್ರಾಂಬೆಯಲ್ಲಿ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರವಿದೆ, ಕಾರಿನಲ್ಲಿ ಹೋಗುವವರು ಅದನ್ನು ನೋಡಬಾರದೆಂದು ಹಾಕಿದ ಪರದೆ ಅದು.

ಶಿವಡಿಯಲ್ಲಿ ಇಳಿಯುವ ಮುನ್ನ ಕೆಸರುಬಯಲು. ಚಳಿಗಾಲದಲ್ಲಿ ಇಲ್ಲಿಗೆ ಸಾವಿರಾರು ರಾಜಹಂಸಗಳು ಬರುತ್ತವೆ. ಸೇತುವೆ ಕಟ್ಟಿದರೆ ಅವು ಬಿಟ್ಟುಹೋಗುತ್ತವೆಂಬ ಆತಂಕ ಪಕ್ಷಿಪ್ರಿಯರಲ್ಲಿ ಬಲವಾಗಿತ್ತು. ನಾವು ಹಾದುಹೋಗುವಾಗ ಇಳಿತವಿತ್ತು, ದೂರದಲ್ಲಿ ತಿಳಿಗುಲಾಬಿಯ ಒಂದು ಪಟ್ಟಿ ಕಂಡಿತು. ಸೇತುವೆಯ ಮೇಲೆ ನಿಲ್ಲುವಂತಿಲ್ಲ, ನಿಂತರೆ ದಂಡ. ಸಮುದ್ರ ದಾಟಲು ಇಪ್ಪತ್ತು ನಿಮಿಷ ಹಿಡಿಯಿತು. ಶಿವಡಿಯಿಂದ ಮಾಟುಂಗಾ ಸೇರಲು ಅದಕ್ಕಿಂತ ಹೆಚ್ಚು ಹಿಡಿಯಿತು. ಲಾಡ್ಜಿನ ಹಿತ್ತಿಲಿನಲ್ಲಿ ಎರಡು ಸ್ಕೂಟರು ಸರಿಸಿ ಜಾಗ ಮಾಡಿಕೊಟ್ಟರು. ಊರಿಗೆ ಹೊರಡುವವರೆಗೆ ಕಾರು ಅಲ್ಲಿಂದ ಕದಲಲಿಲ್ಲ.

ಹೈಕೋರ್ಟಿನ ಮೆಟ್ಟಿಲು

ಮುಂಬೈ ನೋಡಬೇಕಾದರೆ ಕಾಲು, ಲೋಕಲ್, ಬೆಸ್ಟ್ ಬಸ್ಸು ಇವೇ ಸರಿ. ಉಪನಗರ ರೈಲುಗಳಲ್ಲಿ ದಿನಕ್ಕೆ 70 ಲಕ್ಷಕ್ಕೂ ಹೆಚ್ಚು ಪ್ರಯಾಣ ನಡೆಯುತ್ತದೆ. ಹೊಸಬರು ಕಲಿಯಬೇಕಾದ ಪಾಠ ಎರಡೇ. ಇಂಡಿಕೇಟರಿನಲ್ಲಿ ‘ಎಫ್’ ಇದ್ದರೆ ಫಾಸ್ಟ್, ಸಣ್ಣ ಸ್ಟೇಷನ್ನುಗಳಲ್ಲಿ ನಿಲ್ಲದು. ಇಳಿಯುವ ಸ್ಟೇಷನ್ನಿಗೆ ಮೊದಲೇ ಎದ್ದು ಬಾಗಿಲ ಕಡೆ ಸಾಲು ಹಿಡಿಯಬೇಕು. ಸಾಲಿನಲ್ಲಿ ಮುಂದಿರುವವನ ಹೆಗಲು ತಟ್ಟಿ ‘ದಾದರ್?’ ಎಂದು ಕೇಳುತ್ತಾರೆ. ಅವನು ಹೂಂ ಎಂದರೆ ಅವನ ಬೆನ್ನಿಗೆ ನಿಂತರಾಯಿತು, ಊಹೂಂ ಎಂದರೆ ಅವನನ್ನು ದಾಟಿಕೊಂಡು ಮುಂದೆ ಹೋಗಬೇಕು. ಅಷ್ಟು ನೂಕುನುಗ್ಗಲಿನಲ್ಲೂ ಈ ಪ್ರಶ್ನೋತ್ತರಕ್ಕೆ ಸಿಟ್ಟಿಲ್ಲ.

ಸಿಎಸ್‌ಎಂಟಿಯಲ್ಲಿ ಇಳಿದು ಹೊರಗೆ ಬಂದು ಹಿಂತಿರುಗಿ ನೋಡಬೇಕು. 1888ರಲ್ಲಿ ಮುಗಿದ ಈ ಕಟ್ಟಡವನ್ನು ರೂಪಿಸಿದವನು ಎಫ್.ಡಬ್ಲ್ಯು. ಸ್ಟೀವನ್ಸ್, ಎದುರಿನ ಮಹಾನಗರ ಪಾಲಿಕೆಯ ಕಟ್ಟಡವೂ ಅವನದೇ. ಇಲ್ಲೇ ಬೋರಿ ಬಂದರಿನಿಂದ 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಠಾಣೆಗೆ ಹೊರಟಿತ್ತು. ಅಲ್ಲಿಂದ ಹುತಾತ್ಮಾ ಚೌಕ ಹಾದು ಓವಲ್ ಮೈದಾನಕ್ಕೆ ನಡೆದರೆ ಹತ್ತಿಪ್ಪತ್ತು ನಿಮಿಷ. ಮೈದಾನದ ಒಂದು ಅಂಚಿಗೆ ಗೋಪುರ, ಚೂಪು ಕಮಾನುಗಳ ವಿಕ್ಟೋರಿಯನ್ ಕಟ್ಟಡಗಳು, ಇನ್ನೊಂದು ಅಂಚಿಗೆ ದುಂಡು ಮೂಲೆ, ತೆಳು ಬಣ್ಣದ ಆರ್ಟ್ ಡೆಕೋ ಮನೆಗಳು. ಎರಡನ್ನೂ ಸೇರಿಸಿ ಯುನೆಸ್ಕೊ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ನಡುವಿನ ಹುಲ್ಲಿನ ಮೇಲೆ ಒಂದರ ಪಿಚ್ಚಿನಲ್ಲಿ ಇನ್ನೊಂದರ ಫೀಲ್ಡರ್ ನಿಂತ ಹತ್ತಾರು ಕ್ರಿಕೆಟ್ ಪಂದ್ಯಗಳು.

ನಮ್ಮ ಕಣ್ಣು ನಿಂತದ್ದು ಹಳೆಯ ಕಟ್ಟಡಗಳ ಸಾಲಿನಲ್ಲಿ. ಅಕ್ಕಪಕ್ಕದಲ್ಲೇ ವಿಶ್ವವಿದ್ಯಾಲಯ, ರಾಜಾಬಾಯಿ ಗಡಿಯಾರ ಗೋಪುರ, ಹೈಕೋರ್ಟು. ಗೋಪುರ, ಹೈಕೋರ್ಟು ಎರಡೂ ಮುಗಿದದ್ದು 1878ರಲ್ಲಿ. ನಮ್ಮ ಸೀಮೆಯ ಪದವೀಧರರ ಸರ್ಟಿಫಿಕೇಟು ಬಂದದ್ದು ಈ ವಿಶ್ವವಿದ್ಯಾಲಯದಿಂದ, ಹೊಲದ ಬದುವಿನ ವ್ಯಾಜ್ಯ ಇತ್ಯರ್ಥವಾದದ್ದು ಈ ಹೈಕೋರ್ಟಿನಲ್ಲಿ. ಗೆಳೆಯನ ಅಜ್ಜನ ಹೊಲದ ಖಟ್ಲೆಯೂ ಇಲ್ಲಿಯವರೆಗೆ ಬಂದಿತ್ತಂತೆ. ‘ಗೆದ್ದರೇನಪಾ?’ ಎಂದೆ. ‘ಗೆದ್ದರು. ಆದರ ವಕೀಲರ ಫೀ ಕೊಡಲಿಕ್ಕೆ ಅದೇ ಹೊಲ ಮಾರಿದರು’ ಎಂದ. ಹಳೆಯ ರಾಜಧಾನಿಯ ಬಗ್ಗೆ ಹಂಬಲಿಸುವವರು ಈ ಲೆಕ್ಕವನ್ನೂ ಹಿಡಿಯಬೇಕು. ಐನೂರು ಕಿಲೋಮೀಟರಿನ ನ್ಯಾಯ ಬಡವನಿಗೆ ಎಟುಕುತ್ತಿರಲಿಲ್ಲ. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟ್ ಪೀಠ ಬಂದದ್ದರ ಬೆಲೆ ಈ ಮೆಟ್ಟಿಲುಗಳ ಎದುರು ನಿಂತಾಗ ಚೆನ್ನಾಗಿ ತಿಳಿಯುತ್ತದೆ.

ಎಲೆಯ ಮುಂದೆ ಎರಡು ಕನ್ನಡ

ಮಾಟುಂಗಾ ಸ್ಟೇಷನ್ನಿಗೆ ತಾಗಿಕೊಂಡ ಮಾರ್ಕೆಟ್ ಕಟ್ಟಡದ ಮಹಡಿಯಲ್ಲಿ 1942ರಿಂದ ನಡೆಯುತ್ತಿರುವ ಎ. ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಮಧ್ಯಾಹ್ನ ಮೆಟ್ಟಿಲ ಮೇಲೇ ಸಾಲು. ಗುಜರಾತಿ ಕುಟುಂಬ, ತಮಿಳು ಅಜ್ಜಿ, ಕೊರಳಲ್ಲಿ ಐಡಿ ಕಾರ್ಡಿನ ಹುಡುಗರು, ಎಲ್ಲರೂ ಬಾಳೆಎಲೆಗೆ ಕಾದು ನಿಂತವರು. ನಮ್ಮಿಬ್ಬರ ಮಾತು ಕಿವಿಗೆ ಬಿದ್ದು ಬಡಿಸುವವರೊಬ್ಬರು ಸಾರಿನ ಸೌಟು ಹಿಡಿದೇ ನಿಂತರು.

‘ಧಾರವಾಡ ಕಡೆಯವ್ರಾ?’

‘ಹೌದ್ರಿ. ನಿಮ್ಮದು?’

‘ಕುಂದಾಪುರ ಹತ್ರ. ಅನ್ನ ಹಾಕ್ತೆ, ನಿಧಾನ ಉಣ್ಣಿ.’

ನಮ್ಮ ಎಲೆಗೆ ಅನ್ನ ತುಸು ಜಾಸ್ತಿಯೇ ಬಿತ್ತು. ರೊಟ್ಟಿ ಸೀಮೆಯ ಗೆಳೆಯ ಅದನ್ನು ಮುಗಿಸಲು ಪಟ್ಟ ಪಾಡು ಹೇಳತೀರದು.

ಮುಂಬೈಯ ಕನ್ನಡಿಗರಲ್ಲಿ ದೊಡ್ಡ ಪಾಲು ಕರಾವಳಿಯವರು. ಹಡಗಿನಲ್ಲಿ, ಆಮೇಲೆ ಬಸ್ಸಿನಲ್ಲಿ ಬಂದು ಹೋಟೆಲುಗಳಲ್ಲಿ ಲೋಟ ತೊಳೆದು ಬದುಕು ಶುರು ಮಾಡಿದವರು. ಹಗಲೆಲ್ಲ ಹೋಟೆಲಿನ ಕೆಲಸ, ಸಂಜೆ ಫೋರ್ಟಿನ ರಾತ್ರಿಶಾಲೆಯಲ್ಲಿ ಕನ್ನಡ ಮಾಧ್ಯಮದ ಪಾಠ, ರಾತ್ರಿ ಅದೇ ಹೋಟೆಲಿನ ಬೆಂಚಿನ ಮೇಲೆ ನಿದ್ದೆ. ಹೀಗೆ ಮೆಟ್ರಿಕ್ ಮುಗಿಸಿ ಬ್ಯಾಂಕ್ ಸೇರಿದವರು, ವಕೀಲರಾದವರು, ಸ್ವಂತ ಹೋಟೆಲ್ ಇಟ್ಟವರು ಒಂದು ತಲೆಮಾರಿಡೀ ಇದ್ದಾರೆ. ಮೊಗವೀರ ಸಮಾಜದ ರಾತ್ರಿಶಾಲೆ 20ನೇ ಶತಮಾನದ ಮೊದಲ ದಶಕದಲ್ಲೇ ಶುರುವಾಗಿತ್ತು. 1926ರ ಮೈಸೂರು ಅಸೋಸಿಯೇಷನ್ ಮಾಟುಂಗಾದ ಭಾವುದಾಜಿ ರಸ್ತೆಯಲ್ಲಿ ಇಂದಿಗೂ ನಾಟಕ, ಉಪನ್ಯಾಸ ನಡೆಸುತ್ತದೆ. ಕಲೀನಾದ ಮುಂಬೈ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ. ಮಹಾನಗರ ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತ ಬಂದಿದೆ. ಅವುಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ ಎಂಬುದು ಇಲ್ಲಿನ ಕನ್ನಡಿಗರು ಭೇಟಿಯಾದಾಗಲೆಲ್ಲ ಹೇಳುವ ಮಾತು.

ಕನ್ನಡ ಸಾಹಿತ್ಯಕ್ಕೂ ಮುಂಬೈ ಒಂದು ಊರು ಕೊಟ್ಟಿದೆ. ಹನೇಹಳ್ಳಿಯ ಯಶವಂತ ಚಿತ್ತಾಲರು ಇಲ್ಲಿ ಪ್ಲಾಸ್ಟಿಕ್ ಉದ್ಯಮದ ತಂತ್ರಜ್ಞರಾಗಿದ್ದುಕೊಂಡು ‘ಶಿಕಾರಿ’ ಬರೆದರು, ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಸಮುದ್ರಕ್ಕೆ ಮುಖ ಮಾಡಿದ ಮನೆಯಲ್ಲಿ ಬಾಳಿದರು. ಕಾರ್ಮಿಕ ಸಂಘರ್ಷದ ಹಿನ್ನೆಲೆಯ ‘ಬಂಡಾಯ’ ಕಾದಂಬರಿಗೆ ವ್ಯಾಸರಾಯ ಬಲ್ಲಾಳರು 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಗೋಕರ್ಣದ ಜಯಂತ ಕಾಯ್ಕಿಣಿಯವರ ಮುಂಬೈ ಕತೆಗಳು ಇಂಗ್ಲಿಷಿಗೆ ಹೋಗಿ 2018ರ ಡಿಎಸ್‌ಸಿ ಪ್ರಶಸ್ತಿ ತಂದವು. ಇವರ ಪುಸ್ತಕ ಓದಿ ಬಂದವರಿಗೆ ಚಾಳಿನ ಮೊಗಸಾಲೆ, ಗಿರಣಿಯ ಚಿಮಣಿ ಮೊದಲೇ ನೋಡಿದ್ದೇ ಅನ್ನಿಸುತ್ತದೆ. ಪರೇಲಿನಲ್ಲಿ ಕೆಲವು ಚಿಮಣಿಗಳು ಇನ್ನೂ ಇವೆ. 1982ರ ಜನವರಿಯಲ್ಲಿ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಶುರುವಾದ ಮುಷ್ಕರದ ನಂತರ ಗಿರಣಿಗಳು ಒಂದೊಂದೇ ಮುಚ್ಚಿದವು, ಆ ಜಾಗದಲ್ಲಿ ಮಾಲುಗಳು, ಗಾಜಿನ ಗೋಪುರಗಳು ಎದ್ದವು. ಖೋಪೋಲಿಯ ಕರೆಂಟು ಕೊನೆಗೆ ಬಂದು ಸೇರುತ್ತಿದ್ದ ಮಗ್ಗಗಳು ಇದ್ದದ್ದು ಇಲ್ಲೇ.

ಹೋಗುವವರಿಗೆ

ಮಳೆಗಾಲ ಕಳೆದು ನವೆಂಬರಿನಿಂದ ಫೆಬ್ರುವರಿವರೆಗೆ ಈ ದಾರಿಗೆ ಒಳ್ಳೆಯ ಕಾಲ. ಹಗಲಿನಲ್ಲೇ ಹೋಗಿ. ಕಬ್ಬಿನ ಹಂಗಾಮಿನಲ್ಲಿ ಸಂಕೇಶ್ವರದಿಂದ ಕರಾಡದವರೆಗೆ ಕತ್ತಲಲ್ಲಿ ಕಾರು ಓಡಿಸುವುದು ಜೀವದ ಜೊತೆ ಆಟ. ಫಾಸ್ಟ್ಯಾಗಿನಲ್ಲಿ ಸಾಕಷ್ಟು ಹಣವಿರಲಿ, ಹತ್ತರಗಿಯಿಂದ ಖಾಲಾಪುರದವರೆಗೆ ಟೋಲುಗಳು ಸಾಲಾಗಿ ಬರುತ್ತವೆ. ಎಕ್ಸ್‌ಪ್ರೆಸ್‌ವೇಯಲ್ಲಿ ಕ್ಯಾಮೆರಾಗಳಿವೆ, ಘಟ್ಟದಲ್ಲಿ ವೇಗಮಿತಿ ಬಹಳ ಕಡಿಮೆ, ದಂಡದ ಚೀಟಿ ಮನೆಗೆ ಬರುತ್ತದೆ. ಒಂದೇ ದಿನಕ್ಕೆ ದಣಿವಾಗುವವರು ಕೊಲ್ಹಾಪುರದಲ್ಲೋ ಸಾತಾರದಲ್ಲೋ ರಾತ್ರಿ ಉಳಿಯಬಹುದು.

ಲಾಡ್ಜ್ ಬುಕ್ ಮಾಡುವ ಮೊದಲು ಪಾರ್ಕಿಂಗ್ ಕೇಳಿ, ಕೋಣೆಯ ವಿಷಯ ಆಮೇಲೆ. ನವಿ ಮುಂಬೈಯಲ್ಲಿ ನೆಂಟರಿದ್ದರೆ ಕಾರನ್ನು ಅಲ್ಲೇ ಬಿಟ್ಟು ಹಾರ್ಬರ್ ಲೈನಿನಲ್ಲಿ ಬರುವುದು ಇನ್ನೂ ಜಾಣತನ. ಬೆಳಿಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದೂವರೆಯಿಂದ ಒಂಬತ್ತು ಲೋಕಲ್ ಹತ್ತುವ ಸಾಹಸ ಬೇಡ. ಆ ಹೊತ್ತಿಗೆ 2025ರ ಅಕ್ಟೋಬರಿನಲ್ಲಿ ಪೂರ್ತಿ ತೆರೆದ, ಆರೆಯಿಂದ ಕಫ್ ಪರೇಡಿನವರೆಗಿನ ನೆಲದಡಿಯ ಮೆಟ್ರೊ ಇದೆ. ಬಾಂದ್ರಾ, ಸಾಯನ್ ದಾಟಿ ದಕ್ಷಿಣಕ್ಕೆ ರಿಕ್ಷಾ ಬರುವುದಿಲ್ಲ, ಅಲ್ಲಿ ಟ್ಯಾಕ್ಸಿಯೇ ಗತಿ.

ಜೊತೆಗಾರನನ್ನು ಆರಿಸುವಾಗ ಮಾತ್ರ ನಿಮ್ಮ ಹಾಗೇ ಯೋಚಿಸುವವನನ್ನು ಕರೆದುಕೊಂಡು ಹೋಗಬೇಡಿ. ನಾನೊಬ್ಬನೇ ಹೋಗಿದ್ದರೆ ಖೋಪೋಲಿಯ ಕೊಳವೆಗಳು ಕಣ್ಣಿಗೆ ಬೀಳುತ್ತಿರಲಿಲ್ಲ, ಅವನೊಬ್ಬನೇ ಹೋಗಿದ್ದರೆ ಹೈಕೋರ್ಟಿನವರೆಗೆ ನಡೆಯುತ್ತಿರಲಿಲ್ಲ. ಧಾರವಾಡದಿಂದ ಬೆಂಗಳೂರು ಸುಮಾರು 430 ಕಿಲೋಮೀಟರ್, ಮುಂಬೈ 550. ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸ ಹೆಚ್ಚೆಂದರೆ ಎರಡು ತಾಸಿನ ದಾರಿ. ಬೈಪಾಸಿಗೆ ಬಂದಾಗಲೆಲ್ಲ ಅಭ್ಯಾಸಬಲದಿಂದ ದಕ್ಷಿಣಕ್ಕೆ ತಿರುಗುವ ನಮ್ಮ ಕಾರುಗಳು ಒಮ್ಮೆಯಾದರೂ ಉತ್ತರಕ್ಕೆ ತಿರುಗಲಿ. ನಮ್ಮ ಹಾಲು, ಬೆಲ್ಲ, ನೀರು, ಮಂದಿ ಎಲ್ಲ ಹೋಗಿ ಕಟ್ಟಿದ ಊರನ್ನು ನೋಡದೆ ಇರುವುದು ಸರಿಯಲ್ಲ.